ಒಣ ಕಣಿವೆಯಲ್ಲಿ ಗಜನಿಯವಳ ಕೈ

ಭಾವಿಕೇರಿ

ಒಣಭೂಮಿಯ ಬೇಸಾಯಗಾರರ ಸಭೆಗೆ ಮುಳುಗುವ ಗದ್ದೆಯವಳನ್ನು ಯಾಕೆ ಕರೆದರು ಎಂಬುದು ನನಗೆ ಇಂದಿಗೂ ಪೂರ್ತಿ ತಿಳಿದಿಲ್ಲ. ಕರೆ ಬಂದದ್ದಂತೂ ನಿಜ. ಆಫ್ರಿಕಾದ ಉತ್ತರ ತುದಿಯಲ್ಲಿರುವ ಟ್ಯುನೀಷಿಯಾ ದೇಶದಲ್ಲಿ, ನೀರಿನ ಕಷ್ಟವಿರುವ ಊರುಗಳ ಸಣ್ಣ ರೈತರು ಸೇರುತ್ತಾರಂತೆ. ಉಪ್ಪುನೀರಿನಲ್ಲಿ ಕಗ್ಗ ಭತ್ತ ಬೆಳೆಯುವ ನಮ್ಮ ಗುಂಪಿನಿಂದಲೂ ಒಬ್ಬರು ಬರಬೇಕಂತೆ. ಗುಂಪಿನಲ್ಲಿ ಪಾಸ್‌ಪೋರ್ಟ್ ಇದ್ದವಳು ನಾನೊಬ್ಬಳೇ. ಯಾವುದೋ ಹುಮ್ಮಸ್ಸಿನಲ್ಲಿ ಮಾಡಿಸಿಟ್ಟಿದ್ದೆ, ಅದರೊಳಗೆ ಒಂದು ಮುದ್ರೆಯೂ ಬಿದ್ದಿರಲಿಲ್ಲ.

ನನ್ನ ವಿಷಯ ಎರಡೇ ಮಾತು. ಹೆಸರು ನಾಗವೇಣಿ, ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತೇನೆ. ಉಳಿದ ಹೊತ್ತೆಲ್ಲ ತಮ್ಮ ಉಮೇಶನ ಜೊತೆ ಗಜನಿ ಗದ್ದೆ. ಗಜನಿ ಎಂದರೆ ಹೊಳೆ ಸಮುದ್ರ ಸೇರುವಲ್ಲಿನ ತಗ್ಗಿನ ಗದ್ದೆ. ಭರತಿ ಬಂದಾಗ ಉಪ್ಪುನೀರು ಒಳಗೆ ನುಗ್ಗದಂತೆ ಸುತ್ತ ಮಣ್ಣಿನ ಕಟ್ಟು ಹಾಕಿರುತ್ತದೆ. ಆ ಕಟ್ಟಿನಲ್ಲಿ ಏಡಿ ತೂತು ಕೊರೆಯುತ್ತದೆ. ಬೆರಳು ಹೋಗುವಷ್ಟಿದ್ದ ತೂತು ಒಂದು ಹುಣ್ಣಿಮೆಯ ಭರತಿಗೆ ಆಳು ಹೋಗುವಷ್ಟಾಗುತ್ತದೆ. ಆದ್ದರಿಂದ ನಮ್ಮಲ್ಲಿ ಕಟ್ಟಿನ ಮೇಲೆ ನಡೆಯುವವರು ಯಾರ ಗದ್ದೆ, ಯಾರ ಪಾಲು ಎಂದು ಕೇಳುತ್ತ ನಿಲ್ಲುವುದಿಲ್ಲ. ತೂತು ಕಂಡರೆ ಬಗ್ಗಬೇಕು, ಜಿಗುಟು ಮಣ್ಣು ಕಿತ್ತು ತುರುಕಬೇಕು, ಹಿಮ್ಮಡಿಯಿಂದ ತುಳಿಯಬೇಕು, ಮುಂದೆ ಹೋಗಬೇಕು. ಮದುವೆಗೆ ಹೊರಟ ಹೆಂಗಸರೂ ಸೀರೆ ಎತ್ತಿಕಟ್ಟಿ ಈ ಕೆಲಸ ಮಾಡಿದ್ದನ್ನು ನೋಡಿದ್ದೇನೆ. ನಾನು ಅದನ್ನು ಕಲಿತದ್ದು ಅಕ್ಷರ ಕಲಿಯುವುದಕ್ಕಿಂತ ಮೊದಲು.

“ಅಕ್ಕಾ, ಅಲ್ಲಿ ಮಳೆನೇ ಬರೂದಿಲ್ವಂತೆ,” ಎಂದ ಉಮೇಶ. “ನೀ ಹೋಗಿ ಎಂತಾ ಹೇಳೂದು? ನಮ್ಗೆ ನೀರ್ ಹೆಚ್ಚಾಗಿದೆ ಹೇಳ್ಕಂಡಾ?”

“ಒಣ ಭೂಮಿಲೂ ಉಪ್ಪು ಏಳ್ತದಂತೆ ಮಾರಾಯ. ಅದ್ರ ಬಗ್ಗೆ ಕೇಳ್ತಾರಂತೆ,” ಎಂದೆ. ನನಗೂ ಅಷ್ಟೇ ಗೊತ್ತಿತ್ತು.

ಜೊತೆಗೆ ನಮ್ಮ ಗುಂಪಿಗೆ ಸೇರದ, ಬೇರೆಯಾಗಿ ಕರೆ ಬಂದಿದ್ದ ಪಾಂಡುರಂಗಣ್ಣ ಹೊರಟದ್ದು ನನ್ನ ಪುಣ್ಯ. ಅವರು ಹುಟ್ಟಿದ್ದು ಕಾರವಾರದ ಹತ್ತಿರದ ಅರ್ಗಾದಲ್ಲಿ. ನೌಕಾನೆಲೆಗೆ ಜಾಗ ಹೋದ ಮೇಲೆ ಮನೆ ಬದಲಾಯಿತು. ಪ್ರಾಯದಲ್ಲಿ ಬಹಳ ವರ್ಷ ಮಸ್ಕತ್ತಿನಲ್ಲಿ ಕ್ರೇನ್ ಓಡಿಸಿ, ಈಗ ಹೊಸ ಜಾಗದ ಕಲ್ಲುನೆಲದಲ್ಲಿ ತರಕಾರಿ ಬೆಳೆಯುತ್ತಾರೆ. ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ, ಅಗತ್ಯ ಬಿದ್ದರೆ ಅರಬ್ಬಿ. ನನಗೆ ದುಭಾಷಿ ಅವರೇ. ಆದ್ದರಿಂದ ಮುಂದೆ ಈ ಬರಹದಲ್ಲಿ ಟ್ಯುನೀಷಿಯಾದ ಬೆಟ್ಟದ ಜನರೆಲ್ಲ ಕಾರವಾರದ ಕನ್ನಡ ಮಾತಾಡಿದರೆ, ನಮ್ಮ ಕಡೆಯ ರೂಢಿಯಂತೆ ಹೆಂಗಸರನ್ನು ‘ಅದು’ ಎಂದರೆ, ಓದುವವರು ಗಾಬರಿಯಾಗಬಾರದು.

ಗಾಬೆಸ್

ವಿಮಾನ ನಿಲ್ದಾಣದಲ್ಲೇ ಮೊದಲ ಪೇಚು. ನನ್ನ ಚೀಲದಲ್ಲಿ ಒಣ ಶೆಟ್ಲಿಯ ಚಟ್ನಿ, ಅಂದರೆ ಸಿಗಡಿಯದು, ಮೂರು ಪ್ಲಾಸ್ಟಿಕ್ ಕಟ್ಟಿ ಡಬ್ಬಿಯಲ್ಲಿ ಇತ್ತು. ಅಧಿಕಾರಿ ಮುಚ್ಚಳ ತೆಗೆದ, ಮೂಸಿದ, ಪಕ್ಕದವನನ್ನು ಕರೆದು ಅವನಿಗೂ ಮೂಸಿಸಿದ. ಪಾಂಡುರಂಗಣ್ಣ ಅರಬ್ಬಿಯಲ್ಲಿ ಏನೋ ಹೇಳಿದರು. ಇಬ್ಬರೂ ನನ್ನನ್ನು ಕನಿಕರದಿಂದ ನೋಡಿ ಡಬ್ಬಿ ವಾಪಸು ಕೊಟ್ಟರು.

“ಎಂತಾ ಹೇಳಿದ್ರಿ?”

“ನಿಂಗೆ ಬೇರೆ ಊಟ ಸೇರೂದಿಲ್ಲ, ಇದಿಲ್ದೆ ಇದ್ರೆ ಜೀವಕ್ಕೆ ಕಷ್ಟ ಹೇಳ್ದೆ,” ಎಂದರು ಅವರು. “ಇವ್ರ ಅರಬ್ಬಿ ಬೇರೇನೇ ಅದೆ ತಂಗಿ. ನಂಗೆ ಅರ್ಧ ತಿಳೀತದೆ, ಇನ್ನರ್ಧ ಮೋರೆ ನೋಡ್ಕಂಡು ಹೇಳ್ತೆ.”

ಸಭೆ ನಡೆದದ್ದು ದೇಶದ ದಕ್ಷಿಣಕ್ಕಿರುವ ಗಾಬೆಸ್ ಎಂಬ ಊರಿನಲ್ಲಿ. ಅಲ್ಲೂ ಸಮುದ್ರ. ನೋಡಿದ ಕೂಡಲೇ ನನಗೆ ಸಮಾಧಾನವಾಯಿತು, ಆದರೆ ದಡದ ಮೇಲೆ ತೆಂಗು ಇರಬೇಕಾದಲ್ಲಿ ಖರ್ಜೂರ ನಿಂತಿತ್ತು. ಸಭೆಯಲ್ಲಿ ಬೇರೆ ಬೇರೆ ದೇಶದವರು ತಮ್ಮ ಬರವನ್ನು ವಿವರಿಸಿದರು. ನನ್ನ ಸರದಿ ಬಂದಾಗ ನಾನು ಒಂದು ಹಿಡಿ ಕಗ್ಗದ ತೆನೆ ಎತ್ತಿ ತೋರಿಸಿ, ಇದು ವಾರಗಟ್ಟಲೆ ನೀರಲ್ಲಿ ನಿಂತರೂ ಸಾಯುವುದಿಲ್ಲ ಎಂದೆ. ವಾರಗಟ್ಟಲೆ ನಿಲ್ಲುವಷ್ಟು ನೀರು ಎಂಬ ಮಾತೇ ಅವರ ಕಿವಿಗೆ ಸೊಕ್ಕಿನ ಮಾತಾಗಿ ಕೇಳಿಸಿರಬೇಕು. ಆಮೇಲೆ ತೆನೆ ಕೈಯಿಂದ ಕೈಗೆ ಹೋಗಿ, ಎಲ್ಲರೂ ಒಂದೊಂದು ಕಾಳು ಕಚ್ಚಿ ನೋಡಿ, ನನಗೆ ಬರಿ ಕಡ್ಡಿ ವಾಪಸು ಬಂತು.

ಸುಸ್ಥಿರ ಅಭಿವೃದ್ಧಿ ಎಂಬ ಮಾತು ಬೆಳಗ್ಗಿನಿಂದ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಪಾಂಡುರಂಗಣ್ಣ ನನ್ನ ಕಿವಿಯ ಹತ್ತಿರ ಬಂದು, “ಅಭಿವೃದ್ಧಿ ಗೊತ್ತದೆ ನಂಗೆ, ಅದಕ್ಕೇ ಮನೆ ಬಿಟ್ಟವ ನಾನು. ಈ ಸುಸ್ಥಿರ ಹೇಳೂದು ಎಂತದು ಕೇಳು,” ಎಂದರು. ಕೇಳುವಷ್ಟರಲ್ಲಿ ಊಟದ ಹೊತ್ತಾಯಿತು.

ಊಟಕ್ಕೆ ಕುಸ್ಕುಸ್. ಗೋಧಿ ರವೆಯನ್ನು ಹಬೆಯಲ್ಲಿ ಬೇಯಿಸಿ, ಮೇಲೆ ಕುರಿಮಾಂಸ, ಕುಂಬಳ, ಕಡಲೆ ಹಾಕಿ ಕೊಡುತ್ತಾರೆ. ಪಕ್ಕದಲ್ಲಿ ಕೆಂಪು ಮೆಣಸಿನ ಹರಿಸ್ಸಾ. ಅಷ್ಟು ಖಾರ ತಿನ್ನುವವರು ನಮ್ಮವರೇ ಎಂದುಕೊಂಡು ಎರಡು ಸಲ ಹಾಕಿಸಿಕೊಂಡೆ. ಊಟವಾದ ಮೇಲೆ ಕೋಣೆ ಕತ್ತಲು ಮಾಡಿ, ಬೆಟ್ಟದವರು ಮಳೆನೀರಿಗೆ ಕಟ್ಟುವ ಕಟ್ಟೆಗಳ ಚಿತ್ರ ತೋರಿಸತೊಡಗಿದರು. ಮೊದಲ ಚಿತ್ರ ನೆನಪಿದೆ. ಆಮೇಲೆ ನೆನಪಿರುವುದು ಚಪ್ಪಾಳೆ. ನಡುವೆ ಏನು ಹೇಳಿದರು ಎಂದು ಪಾಂಡುರಂಗಣ್ಣನನ್ನು ಕೇಳೋಣವೆಂದು ತಿರುಗಿದರೆ ಅವರೂ ಕಣ್ಣುಜ್ಜಿಕೊಳ್ಳುತ್ತಿದ್ದರು. ಆ ನಿದ್ದೆಯ ಬೆಲೆ ಬೇರೊಬ್ಬಳು ತೆರಬೇಕಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು.

ಬೆಟ್ಟದ ಹಳ್ಳಿ

ಸಭೆ ಮುಗಿದ ಮೇಲೆ ಒಬ್ಬೊಬ್ಬ ಅತಿಥಿಯನ್ನು ಒಂದೊಂದು ರೈತರ ಮನೆಗೆ ಕಳಿಸಿದರು. ನಮಗೆ ಸಿಕ್ಕಿದ್ದು ಮತ್ಮಾತಾ ಬೆಟ್ಟಗಳ ನಡುವಿನ ಒಂದು ಹಳ್ಳಿ. ದಾರಿ ತಿರುವು ತಿರುವಾಗಿ ಏರಿತು. ನಮ್ಮ ಘಟ್ಟದ ದಾರಿಯ ಸುಂಕಸಾಳದ ತಿರುವುಗಳಲ್ಲಿ ಲಾರಿಗಳ ಹಿಂದೆ ಹೋಗಿ ಬಂದು ಹೊಟ್ಟೆ ಗಟ್ಟಿಯಾಗಿದೆ ಎಂದು ತಿಳಿದಿದ್ದೆ. ಅಲ್ಲಿ ಎರಡೂ ಬದಿಗೆ ಕಾಡು ಕಣ್ಣು ತುಂಬುತ್ತದೆ. ಇಲ್ಲಿ ಬರಿ ಹಳದಿ ಮಣ್ಣು, ಕಲ್ಲು, ಆಕಾಶ. ಹಿಡಿದುಕೊಳ್ಳಲು ಒಂದು ಮರವೂ ಇಲ್ಲದ ದಾರಿಯಲ್ಲಿ ನನ್ನ ಕುಸ್ಕುಸ್ ಎರಡು ಸಲ ಹೊರಗೆ ಬಂತು.

ನಮ್ಮ ಆತಿಥೇಯ ಸಾಲೆಮ್, ಉಮೇಶನ ವಯಸ್ಸಿನವನು. ಹೆಂಡತಿ ಮಬ್ರೂಕಾ. ಅವರ ಮನೆ ನೆಲದಲ್ಲಿ ತೋಡಿದ ದೊಡ್ಡ ಗುಂಡಿಯೊಳಗಿದೆ. ತಳ ಅಂಗಳ, ಸುತ್ತ ಗೋಡೆಯಲ್ಲಿ ಕೊರೆದ ಕೋಣೆಗಳು. ನಮ್ಮೂರಿನಲ್ಲಿ ಹೀಗೆ ಮನೆ ತೋಡಿದರೆ ಮೊದಲ ಮಳೆಗೆ ಕೆರೆಯಾಗುತ್ತದೆ ಎಂದೆ. ಸಾಲೆಮ್ ನಕ್ಕು, “ಆ ದಿನ ಬರ್ಲಿ, ನಾ ಮನೆ ಬಿಟ್ಟು ಈಜ್ಕಂಡು ಹೋಗ್ತೆ ಹೇಳ್ತಾನೆ,” ಎಂದು ಪಾಂಡುರಂಗಣ್ಣನ ಬಾಯಿಂದ ಹೇಳಿಸಿದ.

ನೀರನ್ನು ಅವರು ಬಳಸುವ ರೀತಿ ನೋಡಿ ನನ್ನ ಕೈಗೆ ನಾಚಿಕೆಯಾಯಿತು. ಊಟಕ್ಕೆ ಮೊದಲು ಮಬ್ರೂಕಾ ಹೂಜಿಯಿಂದ ತೆಳ್ಳಗೆ ನೀರು ಬಿಟ್ಟು ಎಲ್ಲರ ಕೈ ತೊಳೆಸಿದಳು. ಕೆಳಗಿನ ಬೋಗುಣಿಯಲ್ಲಿ ಬಿದ್ದದ್ದು ನೇರ ದಾಳಿಂಬೆ ಗಿಡಕ್ಕೆ ಹೋಯಿತು. ನಾನು ಊರಿಂದ ತಂದ ಕಗ್ಗದ ಅಕ್ಕಿಯ ಗಂಜಿ ಮಾಡಿ ಉಣಿಸುತ್ತೇನೆಂದು ಹೊರಟು, ಅಭ್ಯಾಸಬಲದಿಂದ ಅಕ್ಕಿ ತೊಳೆದ ನೀರನ್ನು ಅಂಗಳಕ್ಕೆ ಚೆಲ್ಲಿಬಿಟ್ಟೆ. ಎರಡನೆಯ ಸಲ ತೊಳೆಯುವಾಗ ನನ್ನ ಪಾತ್ರೆಯ ಕೆಳಗೆ ಮಬ್ರೂಕಾಳ ಬಕೆಟ್ ಬಂದು ಕೂತಿತ್ತು.

ಸಂಜೆ ಬಿಸಿಲಿಳಿದ ಮೇಲೆ ಹೊರಗೆ ಬಂದರೆ, ಎದುರಿನ ಇಳಿಜಾರಿನಲ್ಲಿ ಒಬ್ಬ ಹೆಂಗಸು ಪೊರಕೆ ಹಿಡಿದು ಗುಡ್ಡ ಗುಡಿಸುತ್ತಿದ್ದಳು. ನಾನು ಕಣ್ಣು ತಿಕ್ಕಿ ಮತ್ತೆ ನೋಡಿದೆ. ಗುಡ್ಡವೇ. ಹತ್ತಿರ ಹೋದಾಗ ತಿಳಿಯಿತು: ಇಳಿಜಾರಿನ ಮೇಲೆ ಸುಣ್ಣಗಾರೆ ಬಳಿದ ಹಾಸು, ಅದರ ತುದಿಗೆ ನೆಲದೊಳಗಿನ ತೊಟ್ಟಿ. ಮಳೆ ಬಂದರೆ ಹಾಸಿನ ನೀರು ತೊಟ್ಟಿಗೆ ಇಳಿಯಬೇಕು, ಅದಕ್ಕೆ ಕಸ ಇರಬಾರದು. ಆಕಾಶದಲ್ಲಿ ಅಂಗೈಯಷ್ಟು ಮೋಡವೂ ಇರಲಿಲ್ಲ.

ಅವಳು ಝೊಹ್ರಾ, ಸಾಲೆಮನ ನೆರೆಯವಳು, ನನ್ನ ಓರಗೆಯವಳು. ಬೆನ್ನು ನೆಟ್ಟಗೆ, ಮಾತು ಕಡಿಮೆ. ನನ್ನನ್ನು ಕರೆದುಕೊಂಡು ಹೋಗಿ ತನ್ನ ಜಮೀನು ತೋರಿಸಿದಳು. ಎರಡು ಗುಡ್ಡಗಳ ನಡುವಿನ ಕಿರಿದಾದ ಒಣ ಕಣಿವೆ. ಅದಕ್ಕೆ ಅಡ್ಡವಾಗಿ ಮೆಟ್ಟಿಲಿನಂತೆ ಒಂದರ ಕೆಳಗೊಂದು ಮಣ್ಣು ಕಲ್ಲಿನ ಕಟ್ಟೆಗಳು. ವರ್ಷಕ್ಕೆ ಒಂದು ಸಲವೋ ಎರಡು ಸಲವೋ ಮಳೆ ಬಿದ್ದು ಕಣಿವೆಯಲ್ಲಿ ನೀರು ಹರಿದಾಗ ಪ್ರತಿ ಕಟ್ಟೆಯ ಹಿಂದೆ ಅದು ನಿಂತು ಇಂಗುತ್ತದೆ. ಆ ಇಂಗಿದ ತೇವದಲ್ಲೇ ಮರಗಳು ವರ್ಷ ಕಳೆಯುತ್ತವೆ. ಮೇಲಿನ ಕಟ್ಟೆ ಸಾಲೆಮನದು, ಅಂಜೂರ ಮತ್ತು ಹಳೆಯ ಆಲಿವ್ ಮರಗಳು. ಅದರ ಕೆಳಗಿನದು ಝೊಹ್ರಾಳದು, ಬೋಳು. ಅವಳ ಕಟ್ಟೆ ಹಿಂದೊಮ್ಮೆ ಒಡೆದು, ಮರಗಳೆಲ್ಲ ಬೇರು ಸಮೇತ ಹೋಗಿದ್ದವು. ಅವಳೇ ಬುಟ್ಟಿ ಹೊತ್ತು ಕಟ್ಟೆ ಮತ್ತೆ ಕಟ್ಟಿ, ಕಳೆದ ಚಳಿಗಾಲ ಒಂಬತ್ತು ಆಲಿವ್ ಸಸಿ ನೆಟ್ಟಿದ್ದಳು. ಮಳೆ ಕೈಕೊಟ್ಟಿತ್ತು. ಬೇಸಗೆಯಿಡೀ ತಾನು ಕುಡಿಯುವ ತೊಟ್ಟಿಯ ನೀರನ್ನೇ ಒಂದೊಂದು ತಂಬಿಗೆ ಹಾಕಿ ಬದುಕಿಸಿದ್ದಳು.

“ತೊಟ್ಟಿ ತಳ ಕಂಡದಂತೆ,” ಎಂದರು ಪಾಂಡುರಂಗಣ್ಣ. “ಈ ಚಳಿಗಾಲ ಒಂದ್ ಸಲ ಆದ್ರೂ ಕಣಿವೆ ಹರಿದು ಇವಕ್ಕೆ ನೀರ್ ಬರ್ಬೇಕು. ಬರದಿದ್ರೆ ಇನ್ನೊಂದು ಬೇಸಗೆ ತಡಿಯೂದಿಲ್ಲ ಹೇಳ್ತದೆ ಅದು.”

“ನೀರು ಎಲ್ಲಿಂದ ಬರ್ತದೆ?”

“ಸಾಲೆಮನ ಗದ್ದೆಗೆ ಮೊದ್ಲು, ಅಲ್ಲಿ ತುಂಬಿದ್ ಮೇಲೆ ಇಲ್ಲಿ.”

ತುಂಬಿದ ಮೇಲೆ ಹೇಗೆ ಬರುತ್ತದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಝೊಹ್ರಾ ಒಂದೊಂದು ಸಸಿಯ ಮುಂದೆ ಬಗ್ಗಿ ಎಲೆಯ ಧೂಳು ಒರೆಸುತ್ತಿದ್ದಳು, ನಾನು ಅದನ್ನೇ ನೋಡುತ್ತ ನಿಂತೆ.

ಮಾರನೆಯ ಬೆಳಿಗ್ಗೆ

ಬೆಳಿಗ್ಗೆ ಬೇಗ ಎಚ್ಚರವಾಯಿತು. ಮಬ್ರೂಕಾ ರೊಟ್ಟಿ ಸುಡುತ್ತಿದ್ದಳು, ಪಾಂಡುರಂಗಣ್ಣ ಗೊರಕೆ ಹೊಡೆಯುತ್ತಿದ್ದರು. ನಾನೊಬ್ಬಳೇ ಕಣಿವೆಗಿಳಿದು ಸಾಲೆಮನ ಕಟ್ಟೆ ಹತ್ತಿದೆ. ಕಟ್ಟು ನಡೆಯುವುದು ನನಗೆ ಎಲ್ಲಿದ್ದರೂ ಮನೆಯ ಕೆಲಸ. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದೆ. ಮಣ್ಣು ಒಣಗಿದ್ದರೂ ಕಟ್ಟೆ ಗಟ್ಟಿಯಾಗಿತ್ತು. ಒಳ್ಳೆಯ ಕೈ ಕಟ್ಟಿದೆ ಎಂದು ಮೆಚ್ಚಿಕೊಂಡೇ ಹೋದೆ.

ಗುಡ್ಡಕ್ಕೆ ಅಂಟಿದ ತುದಿಯಲ್ಲಿ ನನ್ನ ಕಾಲು ನಿಂತಿತು. ಅಲ್ಲಿ ಕಟ್ಟೆ ಮೊಳದಷ್ಟು ಕುಸಿದು, ಒಂದು ಮಾರು ಅಗಲಕ್ಕೆ ಬಾಯಿ ಬಿಟ್ಟಿತ್ತು. ತಳದಲ್ಲಿ ಕೆಲವು ಕಲ್ಲು, ಅದರ ಮೇಲೆ ಗಾಳಿ ತಂದು ಹಾಕಿದ ಧೂಳು. ಸಾಲೆಮನ ಕಣ್ಣಿಗೆ ಬಿದ್ದಿಲ್ಲವೇ, ಇಷ್ಟು ದೊಡ್ಡದು? ಮಳೆ ಬಂದರೆ ಗದ್ದೆಯಲ್ಲಿ ನೀರು ನಿಲ್ಲುವುದಾದರೂ ಹೇಗೆ? ಪಾಪ, ಸಭೆಗೆಂದು ಎರಡು ವಾರ ಓಡಾಡಿದವನು, ನೋಡಿಲ್ಲ ಎಂದುಕೊಂಡೆ. ಅಂಜೂರದ ಬುಡದಲ್ಲಿ ಅವನ ಗುದ್ದಲಿ ಮತ್ತು ಬುಟ್ಟಿ ಇದ್ದವು.

ಯೋಚನೆ ಮಾಡಿದ ನೆನಪೇ ಇಲ್ಲ. ಕೈ ತಾನಾಗಿ ಹೋಯಿತು. ಗದ್ದೆಯ ತಗ್ಗಿನಲ್ಲಿ ಅಗೆದರೆ ಅಡಿಯಲ್ಲಿ ಒಳ್ಳೆಯ ಅಂಟುಮಣ್ಣು ಸಿಕ್ಕಿತು. ನೀರಿನ ಬಾಟಲಿಯಲ್ಲಿ ಇದ್ದಷ್ಟು ಚಿಮುಕಿಸಿ ಕಲಸಿ, ಕಲ್ಲು ಕೂಡಿಸಿ, ಪದರ ಪದರವಾಗಿ ಹಾಕಿ ಹಿಮ್ಮಡಿಯಿಂದ ತುಳಿದೆ. ಬಿಸಿಲೇರುವ ಹೊತ್ತಿಗೆ ಬಾಯಿ ಮುಚ್ಚಿ ಕಟ್ಟೆ ಒಂದೇ ಸಮ ಆಗಿತ್ತು. ಭಾವಿಕೇರಿಯಲ್ಲಿ ಯಾರು ನೋಡಿದರೂ ಭೇಷ್ ಅನ್ನುವಂಥ ಕೆಲಸ. ಉಣ್ಣಿಸಿದ ಮನೆಗೆ ಕೈಲಾದ ಸೇವೆ, ಹೇಳಿಕೊಂಡು ತಿರುಗುವುದು ಬೇಡ ಎಂದು ಸುಮ್ಮನೆ ಬಂದು, ಬಿಸಿ ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ತಿಂದೆ. ಎಣ್ಣೆಯಲ್ಲಿ ರೊಟ್ಟಿ ಅದ್ದುವುದು ಮೊದಲು ವಿಚಿತ್ರ ಅನ್ನಿಸಿತ್ತು, ಆ ದಿನ ಬಹಳ ರುಚಿಯಾಯಿತು.

ಮೋಡ ಬಂದ ದಿನ

ಮರುದಿನ ಮಧ್ಯಾಹ್ನ ಗುಡ್ಡದ ಹಿಂದಿನಿಂದ ಮೋಡ ಎದ್ದಿತು. ನಮ್ಮಲ್ಲಿ ಮೋಡ ಬಂದರೆ ಜನ ಒಳಗೆ ಓಡುತ್ತಾರೆ. ಅಲ್ಲಿ ಎಲ್ಲರೂ ಹೊರಗೆ ಓಡಿದರು. ಮಬ್ರೂಕಾ ತೊಟ್ಟಿಯ ಬಾಯಿಯ ಬಟ್ಟೆ ತೆಗೆದಳು. ಸಾಲೆಮ್ ಗುದ್ದಲಿ ಹೆಗಲಿಗೇರಿಸಿದ. ಮಳೆ ಶುರುವಾದಾಗ ನಾವೆಲ್ಲ ಕಣಿವೆಯ ಅಂಚಿನಲ್ಲಿ ನೆನೆಯುತ್ತ ನಿಂತಿದ್ದೆವು. ಯಾರೂ ಛತ್ರಿ ತರಲಿಲ್ಲ, ತಂದಿದ್ದರೆ ಅದು ಮಳೆಗೆ ಅವಮಾನ ಅನ್ನಿಸುತ್ತಿತ್ತೋ ಏನೋ.

ನಮ್ಮ ಲೆಕ್ಕದಲ್ಲಿ ಅದು ಮಳೆಯೇ ಅಲ್ಲ, ಆಷಾಢದಲ್ಲಿ ಬಸ್ಸಿಗೆ ಕಾಯುವಾಗ ಬರುವ ಒಂದು ಜಡಿ. ಆದರೆ ಹೀರಿಕೊಳ್ಳಲು ಹುಲ್ಲಿಲ್ಲದ ಗುಡ್ಡ ಬಿದ್ದ ನೀರನ್ನೆಲ್ಲ ಕೆಳಗೆ ದೂಡಿತು. ಸ್ವಲ್ಪ ಹೊತ್ತಿಗೆ ಕಣಿವೆಯ ಮೇಲಿನಿಂದ ಗುಡುಗುಡು ಸದ್ದು ಬಂದು, ಚಹಾದ ಬಣ್ಣದ ನೀರು ಕಸಕಡ್ಡಿ ನೂಕಿಕೊಂಡು ಸಾಲೆಮನ ಗದ್ದೆಗೆ ಇಳಿಯಿತು. ಅಂಜೂರದ ಬುಡ ಮುಳುಗಿತು. ನಾನು ಕೈ ಮುಗಿದೆ. ಕೆಳಗಿನ ಗದ್ದೆಯಲ್ಲಿ ಝೊಹ್ರಾ ತನ್ನ ಸಸಿಗಳ ನಡುವೆ ನಿಂತು ತಲೆ ಎತ್ತಿ ಕಟ್ಟೆಯ ತುದಿಯನ್ನೇ ನೋಡುತ್ತಿದ್ದಳು, ನಾನು ಮುಚ್ಚಿದ ತುದಿಯನ್ನು.

ನೀರು ಏರುತ್ತಲೇ ಹೋಯಿತು. ಸಾಲೆಮನ ಮುಖ ಬದಲಾಯಿತು. ಅವನು ಏನೋ ಕೂಗಿದ.

“ನೀರ್ ಕೆಳಗೆ ಹೋಗೂದಿಲ್ಲ ಎಂತಕ್ಕೆ ಕೇಳ್ತಾನೆ,” ಎಂದರು ಪಾಂಡುರಂಗಣ್ಣ. “ಕಟ್ಟೆ ತುದೀಲಿ ಒಂದು ಜಾಗ ಇರ್ತದಂತೆ, ಕಟ್ಟೆ ಉಸ್ರು ಬಿಡೂ ಜಾಗ ಹೇಳ್ತ್ರು ಇವ್ರು. ತುಂಬಿದ್ ನೀರು ಅಲ್ಲಿಂದ ಕೆಳಗಿನವ್ರಿಗೆ ಹೋಗ್ಬೇಕು.”

ಇಷ್ಟು ವರ್ಷ ತೂತು ಮುಚ್ಚಿದ ಕೈ ಅಂದು ಮುಚ್ಚಿದ್ದು ತೂತನ್ನಲ್ಲ, ಝೊಹ್ರಾಳ ಪಾಲನ್ನು. “ಅಣ್ಣಾ, ಅದು ನಾನು ಮುಚ್ಚಿದ್ದು,” ಎಂದೆ. ಅವರು ನನ್ನನ್ನು ನೋಡಿದರು. ಅದನ್ನು ಅರಬ್ಬಿಗೆ ತಿರುಗಿಸುವಷ್ಟು ಹೊತ್ತೂ ಇರಲಿಲ್ಲ.

ಅಷ್ಟರಲ್ಲಿ ನೀರು ತನ್ನ ದಾರಿ ತಾನೇ ಹುಡುಕಿಕೊಂಡಿತ್ತು. ಕಟ್ಟೆಯ ಇನ್ನೊಂದು ತುದಿಯಲ್ಲಿ ಆಡುಗಳು ದಾಟಿ ದಾಟಿ ಸವೆದ ಜಾಗವೊಂದಿತ್ತು. ನೀರು ಅದರ ಮೇಲೆ ಹತ್ತಿ, ಮಣ್ಣು ಕಚ್ಚುತ್ತ, ಕಣಿವೆಯ ಹೊರಗಿನ ಕಲ್ಲು ಕೊರಕಲಿಗೆ ಸುರಿಯತೊಡಗಿತು. ಅಲ್ಲಿಗೆ ಹೋದ ನೀರು ಯಾರಿಗೂ ಇಲ್ಲ. ಕಟ್ಟೆ ಅಲ್ಲಿ ಒಡೆದರಂತೂ ಎಲ್ಲವೂ ಹೋಗುತ್ತದೆ. ಸಾಲೆಮ್ ಮತ್ತು ಪಾಂಡುರಂಗಣ್ಣ ಕಲ್ಲು ಹೊತ್ತು ಆ ಕಡೆ ಓಡಿದರು. ನಾನು ಸಾಲೆಮನ ಗುದ್ದಲಿ ಹಿಡಿದು ಈ ಕಡೆ ಓಡಿದೆ.

ನನ್ನ ಕೆಲಸದ ಬಗ್ಗೆ ನನಗಿದ್ದ ಹೆಮ್ಮೆ ಸುಳ್ಳಲ್ಲ. ಎರಡು ದಿನದ ಬಿಸಿಲಿಗೆ ಆ ಮಣ್ಣು ಇಟ್ಟಿಗೆಯಾಗಿತ್ತು. ಗುದ್ದಲಿ ಬಿದ್ದಲ್ಲಿ ಚೂರು ಮಾತ್ರ ಹಾರುತ್ತಿತ್ತು. ಕೆಳಗಿನಿಂದ ಝೊಹ್ರಾ ಹತ್ತಿ ಬಂದು ತನ್ನ ಪಿಕಾಸಿಯಿಂದ ಆ ಬದಿಯಿಂದ ಹೊಡೆಯತೊಡಗಿದಳು. ನಡುವೆ ಒಮ್ಮೆ ಅವಳ ಕೈ ನಿಂತಿತು. ಮಣ್ಣಿನ ಮೇಲೆ ಹಿಮ್ಮಡಿಯ ಗುರುತುಗಳು ಒಣಗಿ ಕೂತಿದ್ದವು, ಒಂದರ ಪಕ್ಕ ಒಂದು. ಆ ಊರಿನಲ್ಲಿ ಯಾರೂ ಬರಿಗಾಲಲ್ಲಿ ನಡೆಯುವುದಿಲ್ಲ. ಅವಳು ಆ ಗುರುತು ನೋಡಿದಳು, ನನ್ನ ಕಾಲು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಪಿಕಾಸಿ ಎತ್ತಿದಳು.

ಕೊನೆಗೂ ಒಂದು ದೊಡ್ಡ ಹೆಂಟೆ ಸಡಿಲವಾಗಿ ನೀರು ನಮ್ಮಿಬ್ಬರ ಕಾಲಿನ ನಡುವಿನಿಂದ ಹಾರಿ ಕೆಳಗಿಳಿಯಿತು. ಆದರೆ ಆ ಹೊತ್ತಿಗೆ ಮಳೆ ನಿಂತಿತ್ತು. ಮೇಲಿನಿಂದ ಬರುವ ಹರಿವು ತೊರೆಯಾಗಿ, ತೊರೆ ಎಳೆಯಾಗಿ ಕ್ಷೀಣಿಸಿತು. ಕೊರಕಲಿಗೆ ಹೋದದ್ದು ಹೋಗಿತ್ತು. ಕೆಳಗಿಳಿದ ನೀರು ಗದ್ದೆಯ ಅಂಚಿನಲ್ಲಿ ಹರಿದು ಝೊಹ್ರಾಳ ಕಟ್ಟೆಯ ಬುಡಕ್ಕೆ ಹೋಗಿ ಸೇರಿ, ಅಲ್ಲಿಂದ ಹಿಂದಕ್ಕೆ ಹರಡುತ್ತ ಬಂತು. ತಗ್ಗಿನ ಸಾಲಿನ ಮೂರು ಸಸಿ ತೊಯ್ದವು. ನಡುವಿನ ಸಾಲಿನ ಮೂರು ತೊಯ್ದವು. ಅಲ್ಲಿಗೆ ನಿಂತಿತು. ಸಾಲೆಮನ ಕಟ್ಟೆಯ ಬುಡದಲ್ಲೇ, ನೀರಿಗೆ ಎಲ್ಲಕ್ಕಿಂತ ಹತ್ತಿರವಿದ್ದ ಎತ್ತರದ ಮೂರು ಸಸಿ ಒಣನೆಲದಲ್ಲಿ ಉಳಿದವು.

ಸಾಲೆಮ್ ಕೆಸರು ಬಳಿದುಕೊಂಡು ಬಂದ. ನಾನು ಕನ್ನಡದಲ್ಲೇ ತಪ್ಪಾಯಿತು, ತಪ್ಪಾಯಿತು ಎನ್ನುತ್ತಿದ್ದೆ. ಪಾಂಡುರಂಗಣ್ಣ ಎಲ್ಲ ಹೇಳಿದರು: ನಮ್ಮ ಗಜನಿ, ನಮ್ಮ ಏಡಿ, ನಮ್ಮ ಕಟ್ಟು. ಸಾಲೆಮ್ ತಲೆ ಕೆರೆದುಕೊಂಡು ಕೇಳಿಸಿಕೊಂಡ. ಆಮೇಲೆ ಅವನು ಹೇಳಿದ್ದನ್ನು ಪಾಂಡುರಂಗಣ್ಣ ನಿಧಾನವಾಗಿ ಹೇಳಿದರು.

“ಆ ಬಾಯಿಗಿಂತ ಮೇಲೆ ಏರಿದ್ ನೀರು ಕೆಳಗಿನವ್ರದ್ದು, ಅದು ಅಜ್ಜನ ಕಾಲದ ಕಟ್ಲೆ ಹೇಳ್ತಾನೆ. ಕೊರಕಲಿಗೆ ಹೋದದ್ದು ಝೊಹ್ರಾಳ ನೀರಂತೆ. ಅದಕ್ಕೆ ಈಗ ತನ್ನ ಗದ್ದೇಲಿ ನಿಂತದ್ದು ಕೊಡ್ತಾನಂತೆ. ಇಂಗೂದ್ರೊಳಗೆ ಹೊರ್ಬೇಕು, ಬಾ.”

ಹೊತ್ತೆವು. ಸಾಲೆಮ್ ತನ್ನ ಅಂಜೂರದ ಬುಡದಿಂದ ಕ್ಯಾನಿನಲ್ಲಿ ನೀರು ಮೊಗೆದು ಕೊಟ್ಟ, ಮಬ್ರೂಕಾ ಕಟ್ಟೆಯ ಮೇಲೆ ನಿಂತು ದಾಟಿಸಿದಳು, ಪಾಂಡುರಂಗಣ್ಣ ಮತ್ತು ನಾನು ಕೆಳಗೆ ಇಳಿಸಿದೆವು, ಝೊಹ್ರಾ ಸಸಿಯ ಬುಡಕ್ಕೆ ಸುರಿದಳು. ಸೂರ್ಯ ಮುಳುಗುವವರೆಗೂ ಅದೇ. ಸುರಿದದ್ದು ಸುರಿದಂತೆ ಮಣ್ಣು ನುಂಗುತ್ತಿತ್ತು. ಗದ್ದೆ ತುಂಬಿ ದಿನವಿಡೀ ಇಂಗುವ ನೀರೆಲ್ಲಿ, ನಮ್ಮ ಕ್ಯಾನಿನ ನೀರೆಲ್ಲಿ. ಎಷ್ಟು ಹೊತ್ತರೂ ಇದು ಅದಕ್ಕೆ ಸಾಟಿಯಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಝೊಹ್ರಾ ನನ್ನ ಕೈಯಿಂದ ಕ್ಯಾನು ತೆಗೆದುಕೊಳ್ಳುವಾಗಲೂ ನನ್ನ ಮುಖ ನೋಡಲಿಲ್ಲ.

ಕೊನೆಯ ದಿನ

ಬೆಳಿಗ್ಗೆ ನಾನು ಚೀಲ ಕಟ್ಟುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಝೊಹ್ರಾ. ಕೈಯಲ್ಲಿ ಗುದ್ದಲಿ. ಅದನ್ನು ನನ್ನ ಮುಂದೆ ಚಾಚಿ, ಹೊರಗೆ ಕೈ ತೋರಿಸಿದಳು.

ನಡೆದೆ. ಪಾಂಡುರಂಗಣ್ಣ ಲುಂಗಿ ಸರಿಮಾಡಿಕೊಳ್ಳುತ್ತ ಹಿಂದೆ ಬಂದರು. ಅವಳು ನನ್ನನ್ನು ತನ್ನ ಕಟ್ಟೆಯ ಹೊರಬದಿಗೆ ಒಯ್ದಳು. ಹಿಂದೆ ಒಡೆದು ಮತ್ತೆ ಕಟ್ಟಿದ ಭಾಗದ ಬುಡದಲ್ಲಿ ಮಣ್ಣು ಕಪ್ಪಾಗಿ ಒದ್ದೆಯಾಗಿತ್ತು. ನಿನ್ನೆ ನಿಂತ ಅಷ್ಟಿಷ್ಟು ನೀರೂ ಅಲ್ಲಿಂದ ಜಿನುಗಿ ಹೊರಗೆ ಹೋಗುತ್ತಿತ್ತು. ಅವಳು ಆ ಒದ್ದೆಯನ್ನು ತೋರಿಸಿದಳು, ನನ್ನ ಕಾಲನ್ನು ತೋರಿಸಿದಳು, ಎರಡೇ ಮಾತು ಹೇಳಿದಳು.

“ಇಲ್ಲಿ ತುಳಿ ಹೇಳ್ತದೆ,” ಎಂದರು ಪಾಂಡುರಂಗಣ್ಣ. “ಇಷ್ಟು ಗಟ್ಟಿ ತುಳ್ದವ್ರನ್ನ ತಾನು ಕಂಡಿಲ್ಲಂತೆ. ಮುಚ್ಚೂದಿದ್ರೆ ಮುಚ್ಚಬೇಕಾದಲ್ಲಿ ಮುಚ್ಚು ಹೇಳ್ತದೆ.”

ಜನ್ಮದಲ್ಲಿ ಅಷ್ಟು ಮನಸ್ಸಿಟ್ಟು ನಾನು ಕಟ್ಟು ತುಳಿದಿಲ್ಲ. ಸಡಿಲ ಮಣ್ಣನ್ನೆಲ್ಲ ತೆಗೆದು, ಅಂಟುಮಣ್ಣು ಹುಡುಕಿ ತಂದು, ಪದರ ಪದರವಾಗಿ ಹಾಕಿದೆ. ಏಡಿ ಇಲ್ಲದ ಊರಿನಲ್ಲಿ ಏಡಿಗೂ ತೂರಲಾಗದಂತೆ ತುಳಿದೆ. ಸ್ವಲ್ಪ ಹೊತ್ತು ನೋಡುತ್ತ ನಿಂತ ಝೊಹ್ರಾ ತನ್ನ ಬೂಟು ಕಳಚಿದಳು. ಒದ್ದೆ ಮಣ್ಣಿಗೆ ಕಾಲಿಟ್ಟ ಕೂಡಲೇ ಚಳಿಗೆ ಹಾ ಎಂದು ಉಸಿರೆಳೆದು ನನ್ನ ತೋಳು ಹಿಡಿದುಕೊಂಡಳು. ತೋಳು ಬಿಡದೆಯೇ ಇಬ್ಬರೂ ತುಳಿದೆವು. ನನಗೆ ಕಣ್ಣಲ್ಲಿ ನೀರು ಬಂತು. ಅವಳಿಗೆ ಕಾಣಲಿ ಎಂದೇ ಒರೆಸಿಕೊಳ್ಳಲಿಲ್ಲ.

ಹೊರಡುವಾಗ ಅವಳು ಒಣ ಅಂಜೂರದ ಪೊಟ್ಟಣ ಕೊಟ್ಟಳು. ನಾನು ಉಳಿದ ಶೆಟ್ಲಿ ಚಟ್ನಿ ಕೊಟ್ಟೆ. ಮೂಸಿ ನೋಡಿ ಡಬ್ಬಿಯನ್ನು ತೋಳುದ್ದ ದೂರ ಹಿಡಿದು ನಿಂತವಳ ಚಿತ್ರವೇ ನನಗೆ ಕೊನೆಯದಾಗಿ ಉಳಿದದ್ದು.

ಮತ್ತೆ ಭಾವಿಕೇರಿ

ಊರಿಗೆ ಬಂದ ಮೇಲೆ ಜನ ಒಂಟೆ ನೋಡಿದೆಯಾ ಎಂದು ಕೇಳಿದರು. ನೋಡಿದ್ದೆ. ಆದರೆ ನಾನು ಹೇಳುತ್ತಿದ್ದದ್ದು ಒಂಬತ್ತು ಸಸಿಗಳ ಕಥೆ. ಉಮೇಶ ಅದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡ. ಕಚೇರಿಯಲ್ಲಿ ಕೂತಾಗ ನಡುವೆ ನೆನಪಾಗಿ, ಈಗ ಅಲ್ಲಿ ಬೇಸಗೆ ಎಂದುಕೊಳ್ಳುತ್ತಿದ್ದೆ. ಆ ಚಳಿಗಾಲ ಅವರಿಗೆ ಇನ್ನೊಂದು ಮಳೆ ಬರಲಿಲ್ಲ ಎಂದು ಪಾಂಡುರಂಗಣ್ಣನಿಗೆ ಸಾಲೆಮ್ ತಿಳಿಸಿದ್ದ. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಚೌತಿ ಮುಗಿದ ವಾರ. ಗಜನಿಯಲ್ಲಿ ಕಗ್ಗ ಎದೆಮಟ್ಟ ಬಂದು, ಹೊಳೆಯಲ್ಲಿ ಭರತಿ ಜೋರಾಗಿತ್ತು. ರಜೆ ಹಾಕಿ ನಾನೂ ಉಮೇಶನೂ ಕಟ್ಟು ನಡೆಯಲು ಹೋಗಿದ್ದೆವು. ಒಂದು ಕಡೆ ಏಡಿಯ ತೂತು ಸಿಕ್ಕಿತು. ಬಗ್ಗಿದೆ, ಮಣ್ಣು ಕಿತ್ತೆ, ಕೈ ಅಲ್ಲೇ ನಿಂತಿತು. ಎದ್ದು ಕಟ್ಟಿನ ಆಚೆ ಬದಿ ನೋಡಿದೆ. ಆಚೆ ಬರಿ ಹೊಳೆ. ಯಾರ ಸಸಿಯೂ ಇಲ್ಲ.

“ಎಂತಾ ನೋಡ್ತೆ ಅಕ್ಕಾ? ಮುಚ್ಚೆ ಬೇಗ,” ಎಂದ ಉಮೇಶ. ಮುಚ್ಚಿದೆ.

ಆಗಲೇ ಅವನ ಜೇಬಿನಲ್ಲಿದ್ದ ನನ್ನ ಫೋನು ಸದ್ದು ಮಾಡಿತು. ನನ್ನ ಎರಡೂ ಕೈ ಕೆಸರು. ಅವನೇ ತೆಗೆದು ನನ್ನ ಮುಖದ ಮುಂದೆ ಹಿಡಿದ. ಪಾಂಡುರಂಗಣ್ಣ ಕಳಿಸಿದ ಒಂದು ಫೋಟೋ. ಝೊಹ್ರಾಳ ಗದ್ದೆ. ಎಣಿಸಿದೆ. ತಗ್ಗಿನ ಸಾಲು ಮೂರು, ಹಸಿರು. ನಡುವಿನ ಸಾಲು ಮೂರು, ಹಸಿರು. ಮೇಲಿನ ಸಾಲಿನಲ್ಲಿ ಎರಡು, ಎಲೆ ಕಡಿಮೆ, ಆದರೂ ಹಸಿರು. ಒಂಬತ್ತನೆಯದರ ಜಾಗದಲ್ಲಿ ಒಂದು ಒಣ ಕಡ್ಡಿ.

“ಎಂಟ್ ಉಳ್ದಿದ್ಯಲೆ ಅಕ್ಕಾ,” ಎಂದ ಉಮೇಶ. “ನೀ ಒಂದೂ ಉಳಿಯೂದಿಲ್ಲ ಹೇಳ್ತಿದ್ದೆ.”

ನನಗೆ ಆ ಒಂದೇ ಕಾಣುತ್ತಿತ್ತು. ಅದರ ಕೆಳಗೆ ಪಾಂಡುರಂಗಣ್ಣನ ದನಿ ಇತ್ತು. ಉಮೇಶ ಅದನ್ನು ಒತ್ತಿದ.

“ನಾಗವೇಣಿ, ಝೊಹ್ರಾ ಹೇಳಿ ಕಳ್ಸಿದ್ದು ಇದು. ಕಟ್ಟೆ ಜಿನುಗೂದು ನಿಂತದಂತೆ. ಒಣಗಿದ್ದರ ಕುಳಿ ಹಾಗೇ ಇಟ್ಟಿದೆ, ಮಳೆ ಬಂದ್ರೆ ಹೊಸದು ನೆಡ್ತದಂತೆ. ಮತ್ತೆ, ನಿನ್ನೆ ತಾನೇ ಸಾಲೆಮನ ಕಟ್ಟೆ ಹತ್ತಿ ನೋಡಿ ಬಂದದಂತೆ. ಉಸ್ರು ಬಿಡೂ ಜಾಗ ತೆರ್ದೇ ಅದೆ, ನಾಗವೇಣಿ ಅಲ್ಲಿ ಕೂತ್ಕಂಡು ಹೆದ್ರೂದು ಬೇಡ ಹೇಳು ಅಂತ ಹೇಳ್ತು.”

ನಾನು ಕಟ್ಟಿನ ಮೇಲೆ ಕೂತೆ. ನಗು ಬಂತು, ಅದರ ಹಿಂದೆಯೇ ಅಳು. ಕೆಸರು ಕೈಯಲ್ಲಿ ಮುಖ ಒರೆಸಿಕೊಳ್ಳಲೂ ಆಗಲಿಲ್ಲ.

“ಎಂತಾಯ್ತೆ?” ಎಂದು ಉಮೇಶ ಕೇಳಿದ.

“ಎಂತಾ ಇಲ್ಲ,” ಎಂದೆ. “ಈ ಸಲ ಮಳೆ ಬಂದ್ರೆ ಒಂಬತ್ತಕ್ಕೂ ನೀರ್ ಬರ್ತದಂತೆ.”